ಮಂಡಿ ಕಳೆದುಕೊಂಡವಳು ನೋಡಿದ ಟರ್ಫ್ ಮೈದಾನ

ಈ ಮೈದಾನಕ್ಕೆ ಹೋದಾಗಲೆಲ್ಲ ನಾನು ಮಾಡುವ ಮೊದಲ ಕೆಲಸ ನೋಡಿ ಜೊತೆಯವರು ನಗುತ್ತಾರೆ. ಬ್ಯಾಗ್ ಬದಿಗಿಟ್ಟು, ಗೋಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡು ಬೆರಳನ್ನು ಪ್ಲಾಸ್ಟಿಕ್ ಹುಲ್ಲಿನೊಳಗೆ ತೂರಿಸುತ್ತೇನೆ. ಕಪ್ಪು ರಬ್ಬರ್ ಕಾಳು ಎಷ್ಟು ಆಳದವರೆಗೆ ಸಿಗುತ್ತದೆ, ಗಟ್ಟಿ ನೆಲ ಎಲ್ಲಿ ತಗಲುತ್ತದೆ ಅಂತ ನೋಡುತ್ತೇನೆ. ಆಮೇಲೆ ಎದ್ದು ಹಿಮ್ಮಡಿಯಿಂದ ಎರಡು ಸಲ ಗುದ್ದುತ್ತೇನೆ. "ಹೊಲ ಕೊಳ್ಳೋಕೆ ಬಂದವಳ ಹಾಗೆ ನೋಡ್ತಾಳೆ" ಅಂತ ನಮ್ಮ ಗೋಲ್‌ಕೀಪರ್ ಪ್ರತಿ ಸಲ ಅದೇ ಜೋಕ್ ಹೊಡೆಯುತ್ತಾಳೆ.

ನಗಲಿ ಬಿಡಿ. ಅವರ ಯಾರ ಮಂಡಿಯಲ್ಲೂ ಸ್ಕ್ರೂ ಇಲ್ಲ.

ವಾರಕ್ಕೆ ಎರಡು ಸಂಜೆ ಏಳು ಜನರ ಫುಟ್‌ಬಾಲ್ ಆಡುವ ಹೆಂಗಸರ ಗುಂಪು ನಮ್ಮದು. ನನ್ನದು ಎಡ ಬ್ಯಾಕ್, ಅಂದರೆ ಎಡಬದಿ ಕಾಯುವ ಕೆಲಸ. ಎರಡು ವರ್ಷದ ಹಿಂದೆ ಬೇರೊಂದು ಟರ್ಫ್ ಮೈದಾನದಲ್ಲಿ ನನ್ನ ಎಡ ಮಂಡಿಯ ಲಿಗಮೆಂಟ್ ಹರಿಯಿತು. ಮತ್ತೆ ಚೆಂಡು ಮುಟ್ಟುವುದಕ್ಕೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಈಗ ಆರು ತಿಂಗಳಿಂದ ಈ ಹೊಸ ಮೈದಾನದಲ್ಲಿ ಆಡುತ್ತಿದ್ದೇನೆ. ಲೈಟ್ ಹೇಗಿದೆ, ಪಾರ್ಕಿಂಗ್ ಹೇಗಿದೆ ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಕಾಲಿನ ಕೆಳಗೆ ಏನಿದೆ ಅಂತ ಯಾರೂ ಬರೆಯುವುದಿಲ್ಲ. ಹಾಗಾಗಿ ಈ ವಿಮರ್ಶೆ ಕಾಲಿನ ಕಡೆಯಿಂದ.

ಮೊದಲು ಹಳೆಯ ಕಥೆ. ಅದಿಲ್ಲದೆ ನನ್ನ ಕಿರಿಕಿರಿ ನಿಮಗೆ ಅರ್ಥ ಆಗುವುದಿಲ್ಲ.

ಆವತ್ತು ಆಟ ಮುಗಿಯಲು ಹತ್ತು ನಿಮಿಷ ಇತ್ತು. ಎದುರಿನ ಹುಡುಗಿ ಗೆರೆಯ ಪಕ್ಕದಲ್ಲೇ ಚೆಂಡು ತಳ್ಳಿಕೊಂಡು ಬಂದಳು. ನಾನು ಹಿಂದೆ ಹಿಂದೆ ಓಡುತ್ತಿದ್ದೆ. ಅವಳು ಒಳಕ್ಕೆ ತಿರುಗಿದಳು. ನಾನೂ ತಿರುಗೋಣ ಅಂತ ಎಡಗಾಲು ಊರಿದೆ. ಮೈ ತಿರುಗಿತು, ಕಾಲು ತಿರುಗಲಿಲ್ಲ. ಶೂ ನೆಲಕ್ಕೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಮಂಡಿ ಒಳಗಡೆಗೆ ಬಾಗಿತು. ಹಸಿ ಕಡ್ಡಿ ಮುರಿದಂಥ ಒಂದು ಸದ್ದು. ಕಿವಿಗೆ ಕೇಳಿಸಿತೋ ಮೈಯೊಳಗೆ ಕೇಳಿಸಿತೋ, ಇವತ್ತಿಗೂ ಹೇಳಲಾರೆ.

ಬಿದ್ದ ಕೂಡಲೇ ಹಿಂದೆ ತಿರುಗಿ ನೋಡಿದೆ, ಯಾರು ಒದ್ದರು ಅಂತ. ಯಾರೂ ಇರಲಿಲ್ಲ. ಹತ್ತಿರದವಳೇ ನಾಲ್ಕು ಹೆಜ್ಜೆ ದೂರದಲ್ಲಿದ್ದಳು. ಈ ಗಾಯ ಆದವರು ಎಷ್ಟೋ ಜನ ಇದನ್ನೇ ಹೇಳುತ್ತಾರೆ ಅಂತ ಆಮೇಲೆ ಫಿಸಿಯೋ ಹೇಳಿದರು. ಎಲ್ಲರೂ ಮೊದಲು ಹುಡುಕುವುದು ಒದ್ದವರನ್ನೇ ಅಂತೆ.

ತಮಾಷೆ ಏನಂದರೆ ಐದು ನಿಮಿಷಕ್ಕೆ ಎದ್ದು ನಡೆದೆ. "ಏನಿಲ್ಲ, ಉಳುಕಿದೆ" ಅಂತ ನಾನೇ ತೀರ್ಪು ಕೊಟ್ಟೆ. ಸ್ವಲ್ಪ ಓಡಿ ನೋಡೋಣ ಅಂತ ಹೆಜ್ಜೆ ಹಾಕಿದರೆ ತೊಡೆ ಒಂದು ಕಡೆ, ಕಾಲು ಒಂದು ಕಡೆ ಜಾರಿದ ಹಾಗಾಯಿತು. ರಾತ್ರಿಯ ಹೊತ್ತಿಗೆ ಮಂಡಿಯ ಚಿಪ್ಪು ಎಲ್ಲಿದೆ ಅಂತ ಕಾಣದಷ್ಟು ಊತ. ಮಾರನೇ ದಿನ ಡಾಕ್ಟರ್ ಎಂಆರ್‌ಐ ತನಕ ಕಾಯಲೇ ಇಲ್ಲ. ಮಂಡಿಯನ್ನು ಸ್ವಲ್ಪ ಬಗ್ಗಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದರು. ಬಲಗಾಲಲ್ಲಿ ಅದು ಟಕ್ ಅಂತ ನಿಂತಿತು. ಎಡಗಾಲಲ್ಲಿ ಬೀಗ ಕೆಟ್ಟ ಡ್ರಾಯರ್ ಥರ ಮುಂದಕ್ಕೆ ಬಂತು. ಈ ಪರೀಕ್ಷೆಗೆ ಲ್ಯಾಕ್‌ಮನ್ ಅಂತ ಹೆಸರು. ಆ ಕ್ಷಣದಲ್ಲಿ ಡಾಕ್ಟರ್ ಮುಖ ನೋಡಿದವರಿಗೆ ಸ್ಕ್ಯಾನ್ ಬೇಕಾಗಿಲ್ಲ. ಆದರೂ ಮಾಡಿಸಿದೆವು. ಎಸಿಎಲ್ ಪೂರ್ತಿ ಹರಿದಿತ್ತು. ಜೊತೆಗೆ ಒಳಬದಿಯ ಮೆನಿಸ್ಕಸ್, ಅಂದರೆ ಎರಡು ಮೂಳೆಯ ನಡುವಿನ ಮೆತ್ತೆ ಕೂಡ ಸ್ವಲ್ಪ ಹೋಗಿತ್ತು.

ಎಸಿಎಲ್ ಅಂದರೆ ದೊಡ್ಡದೇನಲ್ಲ. ಮಂಡಿಯ ನಟ್ಟನಡುವೆ ಓರೆಯಾಗಿ ಹಾದುಹೋಗುವ, ಮೂರು ಸೆಂಟಿಮೀಟರ್ ಆಸುಪಾಸಿನ ಒಂದು ಪಟ್ಟಿ. ತೊಡೆಯ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಕಟ್ಟಿಹಾಕಿರುತ್ತದೆ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮಿತಿ ಮೀರಿ ತಿರುಚದಂತೆ ಹಿಡಿದುಕೊಳ್ಳುವುದು ಅದರ ಕೆಲಸ. ನೇರ ಓಡುವಾಗ ಅದರ ನೆನಪೇ ಬರುವುದಿಲ್ಲ. ನಿಲ್ಲುವಾಗ, ತಿರುಗುವಾಗ, ನೆಗೆದು ಇಳಿಯುವಾಗ ಎಲ್ಲ ಭಾರ ಅದರ ಮೇಲೆ. ಅಂದರೆ ಫುಟ್‌ಬಾಲ್ ಪೂರ್ತಿ. ಬಹುತೇಕ ಎಸಿಎಲ್ ಗಾಯಗಳು ಯಾರ ಡಿಕ್ಕಿಯೂ ಇಲ್ಲದೆ ಆಗುತ್ತವೆ. ಅದರಲ್ಲೂ ನಮ್ಮಂಥ ಹೆಂಗಸರಿಗೆ ಗಂಡಸರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಇಂಗ್ಲೆಂಡ್ ನಾಯಕಿ ಲಿಯಾ ವಿಲಿಯಮ್‌ಸನ್ 2023ರ ವಿಶ್ವಕಪ್ ತಪ್ಪಿಸಿಕೊಂಡದ್ದು, ಸ್ಪೇನ್‌ನ ಅಲೆಕ್ಸಿಯಾ ಪುತೆಯಾಸ್ 2022ರ ಯೂರೋ ಶುರುವಾಗುವ ಮುನ್ನಾದಿನ ಮನೆಗೆ ಹೋದದ್ದು, ಎಲ್ಲ ಇದೇ ಪಟ್ಟಿಯ ಕಾಟ.

ಹಾಗಾದರೆ ಟರ್ಫ್‌ನದೇ ತಪ್ಪಾ?

ಆಪರೇಷನ್ ಆದ ಮೊದಲ ತಿಂಗಳು ಹೌದು ಅಂತಲೇ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ತಿರುಗಿದೆ ಅಂದರೆ, ಕುಂಟಿದೆ. ಕುಂಟು ನೆಪ ಅನ್ನಬೇಡಿ, ನಿಜವಾಗಿ ಕುಂಟುತ್ತಿದ್ದವಳು ನಾನು. ಆಮೇಲೆ ಮಲಗಿ ಮಲಗಿ ಬೇಜಾರಾಗಿ ಓದತೊಡಗಿದೆ. ಓದಿದಷ್ಟೂ ನನ್ನ ಕೋಪ ಬೇರೆ ಬೇರೆ ಕಡೆ ಹಂಚಿಹೋಯಿತು.

ವಿಲಿಯಮ್‌ಸನ್‌ಗೆ ಗಾಯ ಆಗಿದ್ದು ನಿಜವಾದ ಹುಲ್ಲಿನ ಮೇಲೆ. 2023ರ ಅಕ್ಟೋಬರ್‌ನಲ್ಲಿ ನೇಮಾರ್ ಮಂಡಿ ಹೋಗಿದ್ದೂ ಹುಲ್ಲಿನ ಮೇಲೆಯೇ. ಹುಲ್ಲು ಅಂದ ಮಾತ್ರಕ್ಕೆ ಗ್ಯಾರಂಟಿ ಕಾರ್ಡ್ ಸಿಗುವುದಿಲ್ಲ. ಇನ್ನು ಟರ್ಫ್ ಅಂದರೆ ಒಂದೇ ವಸ್ತು ಅಲ್ಲ. 1966ರಲ್ಲಿ ಅಮೆರಿಕದ ಹ್ಯೂಸ್ಟನ್‌ನ ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ ಹಾಸಿದ್ದು ಗಟ್ಟಿ ನೆಲದ ಮೇಲಿನ ಜಮಖಾನೆಯಂಥದ್ದು. ಅದರ ಕಥೆಯೇ ಮಜವಾಗಿದೆ. ಪಾರದರ್ಶಕ ಚಾವಣಿಯ ಹೊಳಪಿಗೆ ಬೇಸ್‌ಬಾಲ್ ಆಟಗಾರರಿಗೆ ಚೆಂಡು ಕಾಣುತ್ತಿಲ್ಲ ಅಂತ ಚಾವಣಿಗೆ ಬಣ್ಣ ಬಳಿದರು, ಬಿಸಿಲಿಲ್ಲದೆ ಒಳಗಿನ ಹುಲ್ಲು ಸತ್ತಿತು, ಆಮೇಲೆ ಪ್ಲಾಸ್ಟಿಕ್ ತಂದರು. ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ 1981ರಲ್ಲಿ ಹಾಸಿದ್ದೂ ಅಂಥದ್ದೇ ಗಟ್ಟಿ ನೆಲ, ಚೆಂಡು ಹುಚ್ಚುಹುಚ್ಚಾಗಿ ಪುಟಿಯುತ್ತಿತ್ತು. ಈಗ ನಾವು ಆಡುವುದು ಮೂರನೇ ಪೀಳಿಗೆ. ಉದ್ದ ಎಳೆ, ಅದರ ಬುಡದಲ್ಲಿ ಮರಳು, ಮೇಲೆ ರಬ್ಬರ್ ಕಾಳು. ಹಳೆಯದರ ಪಾಪವನ್ನೆಲ್ಲ ಹೊಸದರ ತಲೆಗೆ ಕಟ್ಟಬಾರದು.

ಹಾಗಂತ ಹೊಸದು ಸಾಧು ಅಂತಲೂ ಅಲ್ಲ. ಯುರೋಪಿನ ಕ್ಲಬ್‌ಗಳ ಮೇಲೆ 2006ರಲ್ಲಿ ಬಂದ ಅಧ್ಯಯನ ಒಟ್ಟು ಗಾಯಗಳಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಆದರೆ ಟರ್ಫ್‌ನಲ್ಲಿ ಪಾದದ ಗಂಟು ಉಳುಕುವುದು ಜಾಸ್ತಿ ಅಂದಿತು. ಅಮೆರಿಕದ ಕಾಲೇಜುಗಳಲ್ಲಿ, ಅದೂ ಅವರ ಹೆಲ್ಮೆಟ್ ಹಾಕುವ ಫುಟ್‌ಬಾಲ್‌ನಲ್ಲಿ, 2004ರಿಂದ 2009ರ ಲೆಕ್ಕ ತೆಗೆದಾಗ ಎಸಿಎಲ್ ಗಾಯದ ಪ್ರಮಾಣ ಟರ್ಫ್ ಮೇಲೆ ಸುಮಾರು 1.4 ಪಟ್ಟು ಬಂತು. 2022ರ ಇನ್ನೊಂದು ದೊಡ್ಡ ಪರಿಶೀಲನೆ ಹತ್ತಾರು ಪ್ರಬಂಧಗಳನ್ನು ಒಟ್ಟಿಗೆ ಇಟ್ಟು ನೋಡಿತು. ಅದರಲ್ಲಿ ನನಗೆ ನಗು ಬಂದ ವಿಷಯ ಒಂದಿದೆ. ಹುಲ್ಲಿನ ಮೇಲೇ ಒಟ್ಟು ಗಾಯ ಜಾಸ್ತಿ ಅಂದ ಬೆರಳೆಣಿಕೆಯ ಪ್ರಬಂಧಗಳಿಗೆಲ್ಲ ಟರ್ಫ್ ಉದ್ಯಮದ ದುಡ್ಡಿತ್ತು.

ನನಗೆ ಅರ್ಥ ಆದದ್ದು ಇಷ್ಟು. ಶೂವಿನ ಅಡಿಯ ಮೊನೆ, ಅಂದರೆ ಸ್ಟಡ್, ನೆಲವನ್ನು ಕಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಜಾರುತ್ತೇವೆ. ಆದರೆ ಬಲ ಮಿತಿ ಮೀರಿದಾಗ ನೆಲ ಕಾಲನ್ನು ಬಿಡಲೂಬೇಕು. ನಿಜವಾದ ಹುಲ್ಲಾದರೆ ಅಂಥ ಹೊತ್ತಲ್ಲಿ ಒಂದು ಹೆಂಟೆ ಕಿತ್ತು ಬರುತ್ತದೆ. ಮಾಲಿಗೆ ಬೇಜಾರು, ಮಂಡಿಗೆ ಖುಷಿ. ಪ್ಲಾಸ್ಟಿಕ್ ಎಳೆಯನ್ನು ಅಡಿಯ ಬಟ್ಟೆಗೆ ಹೊಲಿದಿರುತ್ತಾರೆ, ಅದು ಕಿತ್ತು ಬರುವುದಿಲ್ಲ. ಅಲ್ಲಿ ಕಾಲು ಬಿಡುವ ಕೆಲಸವನ್ನು ಆ ಸಡಿಲ ರಬ್ಬರ್ ಕಾಳೇ ಮಾಡಬೇಕು. ಕಾಳು ಖಾಲಿಯಾದ ಕಡೆ, ಅಥವಾ ತುಳಿದು ತುಳಿದು ಗಟ್ಟಿಯಾದ ಕಡೆ, ಹುಲ್ಲೂ ಸೋಲುವುದಿಲ್ಲ, ನೆಲವೂ ಸೋಲುವುದಿಲ್ಲ. ಯಾರಾದರೂ ಒಬ್ಬರು ಸೋಲಲೇಬೇಕಲ್ಲ. ನನ್ನ ಲಿಗಮೆಂಟ್ ಸೋತಿತು.

ಆ ಹಳೆಯ ಮೈದಾನದ ಗೆರೆಯ ಪಕ್ಕ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಎಳೆಗಳೆಲ್ಲ ಎಣ್ಣೆ ಹಾಕಿ ಬಾಚಿದ ತಲೆಗೂದಲಿನ ಹಾಗೆ ಒಂದೇ ಕಡೆ ಮಲಗಿದ್ದವು. ಫೋಟೋದಲ್ಲಿ ಎಷ್ಟು ಚೆಂದ! ಕಾಳಿನ ಸುಳಿವೇ ಇರಲಿಲ್ಲ. ಅಂಥ ನೆಲದ ಮೇಲೆ ನಾನು ಹಾಕಿಕೊಂಡಿದ್ದು ಹುಲ್ಲಿಗೆ ಅಂತ ಮಾಡಿದ, ಬ್ಲೇಡ್ ಥರದ ಉದ್ದ ಸ್ಟಡ್ ಇರುವ ಶೂ. ಜೊತೆಗೆ ಸುಸ್ತು. ಜೊತೆಗೆ ವಾರ್ಮ್ ಅಪ್ ಅಂತ ನಾನು ಮಾಡಿದ್ದು ಎರಡು ಸಲ ಕೈ ಬೀಸಿ, ಲೇಸ್ ಕಟ್ಟಿದ್ದು. ಅಂದರೆ ಮೈದಾನದವರು ಅರ್ಧ ಮಾಡಿದ್ದರು, ಉಳಿದರ್ಧ ನಾನು ಮಾಡಿದೆ.

ಈಗ ಹೊಸ ಮೈದಾನ.

ಮೊದಲ ದಿನ ಬುಕ್ ಮಾಡುವ ಮುಂಚೆ ಆಫೀಸಿಗೆ ಹೋಗಿ ಮಾಲೀಕರ ಹತ್ತಿರ ಕೂತೆ. ಅವರು "ನಮ್ಮದು ಫಿಫಾ ಟರ್ಫ್ ಮೇಡಂ" ಅಂತ ಶುರು ಮಾಡಿದರು. ಸರ್ಟಿಫಿಕೇಟ್ ತೋರಿಸಿ ಅಂದೆ. ಪಾಪ, ಮನುಷ್ಯ ಒಳ್ಳೆಯವರು, ಡ್ರಾಯರ್‌ನಿಂದ ತೆಗೆದು ತೋರಿಸಿಯೇಬಿಟ್ಟರು. ನೋಡಿದರೆ ಅದು ಟರ್ಫ್ ತಯಾರಕರು ಲ್ಯಾಬಿನಲ್ಲಿ ಮಾಡಿಸಿದ ಪರೀಕ್ಷೆಯ ಕಾಗದ. ಈ ಎರಡರ ವ್ಯತ್ಯಾಸ ಗೊತ್ತಿರಲಿ. ಫಿಫಾ ಗುರುತು ಸಿಗಬೇಕಾದರೆ ಮೊದಲು ಲ್ಯಾಬಿನಲ್ಲಿ ಆ ಉತ್ಪನ್ನ ಪಾಸ್ ಆಗಬೇಕು, ಆಮೇಲೆ ಹಾಸಿ ಮುಗಿದ ಮೈದಾನದಲ್ಲೇ ಮತ್ತೊಮ್ಮೆ ಪರೀಕ್ಷೆ ಆಗಬೇಕು. ಅದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೇಲಿನ ದರ್ಜೆಯ 'ಕ್ವಾಲಿಟಿ ಪ್ರೋ' ಆದರೆ ವರ್ಷ ವರ್ಷ ಪರೀಕ್ಷೆ, 'ಕ್ವಾಲಿಟಿ' ಆದರೆ ಮೂರು ವರ್ಷಕ್ಕೊಮ್ಮೆ. ಲ್ಯಾಬಿನ ಕಾಗದ ತೋರಿಸಿ ಫಿಫಾ ಮೈದಾನ ಅನ್ನುವುದು, ಅಕ್ಕಿ ಚೀಲದ ಮೇಲಿನ ಲೇಬಲ್ ತೋರಿಸಿ ಅನ್ನ ಚೆನ್ನಾಗಿದೆ ಅಂದ ಹಾಗೆ.

ಪರೀಕ್ಷೆಯಲ್ಲಿ ಏನು ಮಾಡುತ್ತಾರೆ ಅಂತ ಕೇಳಿದರೆ ನಿಮಗೂ ಇಷ್ಟ ಆಗುತ್ತದೆ. 46 ಕೆಜಿ ತೂಕದ, ಅಡಿಗೆ ಸ್ಟಡ್ ಕೂರಿಸಿದ ಒಂದು ದುಂಡು ತಟ್ಟೆಯನ್ನು 60 ಮಿಲಿಮೀಟರ್ ಮೇಲಿಂದ ನೆಲಕ್ಕೆ ಬಿಡುತ್ತಾರೆ. ಸ್ಟಡ್ ಕಚ್ಚಿಕೊಳ್ಳುತ್ತದೆ. ಆಮೇಲೆ ಸ್ಪ್ಯಾನರ್ ಥರದ ಹಿಡಿಯಿಂದ ತಿರುಗಿಸುತ್ತಾರೆ. ಎಷ್ಟು ಬಲಕ್ಕೆ ಅದು ಬಿಟ್ಟುಕೊಡುತ್ತದೆ ಅನ್ನುವುದೇ ಅಂಕ. 2015ರ ಫಿಫಾ ಕೈಪಿಡಿಯಲ್ಲಿ ಪ್ರೋ ದರ್ಜೆಗೆ ಅದು 30ರಿಂದ 45 ನ್ಯೂಟನ್ ಮೀಟರ್ ಒಳಗಿರಬೇಕು. ಕಡಿಮೆಯಾದರೆ ಜಾರುತ್ತೀರಿ, ಜಾಸ್ತಿಯಾದರೆ ನನ್ನ ಕಥೆ. ಕಾಂಕ್ರೀಟಿಗೆ ಹೋಲಿಸಿದರೆ ನೆಲ ಎಷ್ಟು ಹೊಡೆತ ಹೀರುತ್ತದೆ ಅಂತಲೂ ಅಳೆಯುತ್ತಾರೆ. ಅದೇ ಕೈಪಿಡಿಯಲ್ಲಿ ಪ್ರೋ ದರ್ಜೆಗೆ ಅದು ನೂರಕ್ಕೆ 60ರಿಂದ 70 ಬರಬೇಕು. ಹೀರದಿದ್ದರೆ ಪೆಟ್ಟು, ತೀರಾ ಹೀರಿದರೆ ಮರಳಲ್ಲಿ ಓಡಿದ ಹಾಗೆ ಸುಸ್ತು.

ಹಾಸಿದ ಮೇಲಿನ ಪರೀಕ್ಷೆ ಆಗಿಲ್ಲ ಅಂತ ಮಾಲೀಕರು ಒಪ್ಪಿಕೊಂಡರು. ಸುಳ್ಳು ಹೇಳಲಿಲ್ಲ, ಆ ಒಂದು ಕಾರಣಕ್ಕೆ ನಾನು ಅಲ್ಲೇ ಬುಕ್ ಮಾಡಿದೆ. ಆಮೇಲೆ ಟರ್ಫ್‌ನ ಒಂದು ಚೌಕದ ತುಂಡು ತಂದು ಮೇಜಿನ ಮೇಲಿಟ್ಟರು. 50 ಮಿಲಿಮೀಟರ್ ಎಳೆ, ಮರಳು, ರಬ್ಬರ್ ಕಾಳು, ಎಲ್ಲಕ್ಕಿಂತ ಕೆಳಗೆ ಒಂದು ಫೋಮ್ ಹಾಸು. ಇದಕ್ಕೆ ಶಾಕ್ ಪ್ಯಾಡ್ ಅನ್ನುತ್ತಾರೆ. ಹಳೆಯ ಮೈದಾನದಲ್ಲಿ ಇದು ಇತ್ತೋ ಇಲ್ಲವೋ ಕೇಳಲು ನನಗೆ ಬುದ್ಧಿಯೇ ಇರಲಿಲ್ಲ. ಇಲ್ಲಿ ಇದೆ, ಮತ್ತು ಗೊತ್ತಾಗುತ್ತದೆ. ಒಂದು ಗಂಟೆ ಆಡಿದ ಮಾರನೇ ದಿನ ನನ್ನ ಮಂಡಿ ದೂರು ಹೇಳುವುದಿಲ್ಲ. ಎಡ ಮಂಡಿ ಸುಮ್ಮನಿದ್ದರೆ ಅದೇ ನನಗೆ ಐದು ಸ್ಟಾರ್.

ನಟ್ಟನಡುವೆ, ಎರಡೂ ಗೋಲಿನ ಮುಂದೆ, ನೆಲ ನಿಜಕ್ಕೂ ಚೆನ್ನಾಗಿದೆ. ಎಳೆ ಎದ್ದು ನಿಂತಿವೆ. ಬೆರಳು ಹಾಕಿದರೆ ಕಾಳು ಸಡಿಲವಾಗಿ ಸರಿಯುತ್ತದೆ. ತಿರುಗುವಾಗ ಕಾಲಿನಡಿ ಸಣ್ಣದಾಗಿ ಜರುಗುತ್ತದೆ. ಆ ಒಂದು ಇಂಚಿನ ಜರುಗು ಬೇರೆಯವರಿಗೆ ಗಮನಕ್ಕೇ ಬರುವುದಿಲ್ಲ. ನನಗೆ ಪ್ರತಿ ಸಲ ಬರುತ್ತದೆ, ಪ್ರತಿ ಸಲ ಒಳಗೊಳಗೇ ಥ್ಯಾಂಕ್ಸ್ ಹೇಳುತ್ತೇನೆ. ವಾರಕ್ಕೆ ಎರಡು ಸಲ ಹುಡುಗನೊಬ್ಬ ಬ್ರಷ್ ಕಟ್ಟಿದ ಚಿಕ್ಕ ಗಾಡಿ ಎಳೆದುಕೊಂಡು ಇಡೀ ಮೈದಾನ ಸುತ್ತುತ್ತಾನೆ. ಮಲಗಿದ ಎಳೆ ಎಬ್ಬಿಸಿ, ಕಾಳನ್ನು ಸಮ ಮಾಡುವುದು ಅದರ ಕೆಲಸ. ನೋಡಲು ಏನೂ ಅಲ್ಲದ ಕೆಲಸ. ಅದೇ ಎಲ್ಲಕ್ಕಿಂತ ಮುಖ್ಯ.

ಸಮಸ್ಯೆ ಇರುವುದು ಗೇಟಿನ ಪಕ್ಕದ ಎಡ ಮೂಲೆಯಲ್ಲಿ. ಎಲ್ಲರೂ ಅಲ್ಲಿಂದಲೇ ಒಳಗೆ ಬರುವುದು, ಅಲ್ಲಿಂದಲೇ ಹೊರಗೆ ಹೋಗುವುದು. ಶೂವಿನಲ್ಲಿ, ಸಾಕ್ಸಿನಲ್ಲಿ, ಬ್ಯಾಗಿನಡಿ ಕಾಳು ಅಂಟಿಕೊಂಡು ಹೊರಗೆ ಹೋಗುತ್ತದೆ. ಕಾರ್ನರ್ ಒದೆಯುವವರೂ ಅಲ್ಲೇ ನಿಂತು ನಿಂತು ಒಂದು ಬೋಳು ಗುಂಡಿ ಮಾಡಿದ್ದಾರೆ. ಅಲ್ಲಿ ಬೆರಳು ಹಾಕಿದರೆ ಉಗುರಿಗೆ ನೇರ ಮರಳು ಸಿಗುತ್ತದೆ. ಹಿಮ್ಮಡಿ ಗುದ್ದಿದರೆ ಸದ್ದೇ ಬೇರೆ.

ನನ್ನ ಮಾತು ನಂಬಬೇಡಿ, ಚೆಂಡನ್ನು ಕೇಳಿ. ಇಲ್ಲಿನ ಗೋಲಿನ ಎತ್ತರ 2 ಮೀಟರ್. ಫಿಫಾದವರು ಪುಟಿತ ಅಳೆಯಲು ಚೆಂಡು ಬಿಡುವುದೂ 2 ಮೀಟರ್ ಎತ್ತರದಿಂದಲೇ. 2015ರ ಕೈಪಿಡಿಯ ಪ್ರಕಾರ 'ಕ್ವಾಲಿಟಿ' ದರ್ಜೆಯ ನೆಲದಲ್ಲಿ ಅದು 60 ಸೆಂಟಿಮೀಟರಿನಿಂದ 1 ಮೀಟರ್ ಒಳಗೆ ಪುಟಿಯಬೇಕು. ನಮ್ಮ ಗೋಲ್‌ಕೀಪರನ್ನು ಸ್ಟೂಲ್ ಮೇಲೆ ನಿಲ್ಲಿಸಿ ಅಡ್ಡಪಟ್ಟಿಯ ಎತ್ತರದಿಂದ ಚೆಂಡು ಬಿಡಿಸಿದೆ. ನಡುಭಾಗದಲ್ಲಿ ಅದು ನನ್ನ ತೊಡೆಯ ಮಟ್ಟಕ್ಕೆ ಬಂದು ನಿಂತಿತು. ಗೇಟಿನ ಮೂಲೆಯಲ್ಲಿ ಸೊಂಟ ದಾಟಿತು. ಇದೇನು ಲ್ಯಾಬ್ ಪರೀಕ್ಷೆ ಅಲ್ಲ, ನಮ್ಮ ಚೆಂಡಿನ ಗಾಳಿಯೂ ಸರಿಯಾಗಿ ಅಳೆದದ್ದಲ್ಲ. ಆದರೆ ಒಂದೇ ಚೆಂಡು, ಒಂದೇ ಎತ್ತರ, ಒಂದೇ ಸಂಜೆ. ಒಂದೇ ಮೈದಾನದಲ್ಲಿ ಎರಡು ನೆಲ ಇರುವುದು ಪೂರ್ತಿ ಗಟ್ಟಿ ನೆಲಕ್ಕಿಂತಲೂ ನನಗೆ ಭಯ. ಕಾಲಿಗೆ ಒಂದು ನೆಲ ಅಭ್ಯಾಸ ಆಗಿರುತ್ತದೆ, ಓಡುತ್ತಾ ಇನ್ನೊಂದಕ್ಕೆ ಹೋಗಿಬಿಡುತ್ತೇವೆ.

ಮಾಲೀಕರಿಗೆ ತೋರಿಸಿದೆ. ಎರಡು ಚೀಲ ಕಾಳು ತಂದು ಸುರಿಸಿದರು. ಮೂರು ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಬೋಳು. ಅಲ್ಲಿ ಬೇಕಾಗಿರುವುದು ಒಂದು ದಿನದ ಉತ್ಸಾಹ ಅಲ್ಲ, ವಾರ ವಾರ ಒಂದು ಮೊರದಷ್ಟು ಕಾಳು. ಈ ವಿಷಯದಲ್ಲಿ ನಾನು ಒಂದು ಅಂಕ ಕಳೆಯುತ್ತೇನೆ, ಯಾವ ದಾಕ್ಷಿಣ್ಯವೂ ಇಲ್ಲ.

ಮೆಚ್ಚಬೇಕಾದ್ದು ಶೂ ವಿಷಯ. ಗೇಟಿನಲ್ಲಿರುವ ಹುಡುಗ ಒಳಗೆ ಬಿಡುವ ಮುಂಚೆ ಶೂವಿನ ಅಡಿ ತೋರಿಸಿ ಅನ್ನುತ್ತಾನೆ. ಮೊದಲ ಸಲ ನಮಗೂ ವಿಚಿತ್ರ ಅನ್ನಿಸಿತು. ಲೋಹದ ಸ್ಟಡ್ ಅಂತೂ ಇಲ್ಲವೇ ಇಲ್ಲ, ಬ್ಲೇಡ್ ಥರದ ಉದ್ದ ಸ್ಟಡ್ ಇದ್ದರೂ ವಾಪಸ್ ಕಳಿಸುತ್ತಾನೆ. ಒಂದು ದಿನ ಪಕ್ಕದ ಗುಂಪಿನ ಒಬ್ಬರು "ಎಷ್ಟು ದುಬಾರಿ ಶೂ ಗೊತ್ತಾ ಇದು" ಅಂತ ಕೂಗಾಡಿದರು. ಹುಡುಗ ಕದಲಲಿಲ್ಲ. ನನಗೆ ಅವನಿಗೊಂದು ಮೆಡಲ್ ಹಾಕಬೇಕು ಅನ್ನಿಸಿತು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಶೂ ಡಬ್ಬದ ಮೇಲೆ ಎರಡಕ್ಷರ ಇರುತ್ತದೆ. ಎಫ್‌ಜಿ ಅಂದರೆ ಗಟ್ಟಿ ಮಣ್ಣಿನ ಮೇಲಿನ ನಿಜವಾದ ಹುಲ್ಲಿಗೆ. ಎಸ್‌ಜಿ ಒದ್ದೆ ಮೈದಾನಕ್ಕೆ. ಎಜಿ ಅಂದರೆ ಉದ್ದ ಎಳೆಯ ಟರ್ಫ್‌ಗೆ, ಅದರಲ್ಲಿ ಸ್ಟಡ್ ಗಿಡ್ಡ, ದುಂಡಗೆ, ಸಂಖ್ಯೆ ಜಾಸ್ತಿ. ಟಿಎಫ್‌ನಲ್ಲಿ ಅಡಿ ತುಂಬ ಪುಟ್ಟ ಪುಟ್ಟ ರಬ್ಬರ್ ಮೊಗ್ಗು. ಅಂಗಡಿಯಲ್ಲಿ ಕಣ್ಣು ಹೋಗುವುದು ಮಾತ್ರ ಎಫ್‌ಜಿ ಮೇಲೆಯೇ, ಒಳ್ಳೆಯ ಬಣ್ಣವೆಲ್ಲ ಅದರಲ್ಲೇ ಬರುತ್ತದೆ. ನಾನು ಈಗ ಟಿಎಫ್ ಹಾಕುತ್ತೇನೆ. ಕೆಲವೊಮ್ಮೆ ಜಾರುತ್ತೇನೆ. ಜಾರಿ ಬಿದ್ದರೆ ಮೊಣಕೈ ತರಚುತ್ತದೆ, ಹತ್ತು ದಿನಕ್ಕೆ ಮಾಯುತ್ತದೆ. ಲೆಕ್ಕ ನೀವೇ ಹಾಕಿ.

ಇನ್ನೊಂದು ಸೌಲಭ್ಯ ಯಾರ ಕಣ್ಣಿಗೂ ಬಿದ್ದಿಲ್ಲ ಅನ್ನಿಸುತ್ತದೆ. ಗಂಟೆ ಲೆಕ್ಕದ ಮೈದಾನಗಳ ದೊಡ್ಡ ಕಾಯಿಲೆ ಏನು ಗೊತ್ತಾ? ಗಡಿಯಾರ ಓಡುತ್ತಿರುತ್ತದೆ, ಕೊಟ್ಟ ದುಡ್ಡು ವಸೂಲಿ ಮಾಡಬೇಕು ಅಂತ ಎಲ್ಲರೂ ತಣ್ಣನೆ ಕಾಲಿನಲ್ಲೇ ಆಟಕ್ಕೆ ಧುಮುಕುತ್ತಾರೆ. ಇಲ್ಲಿ ಬಲೆಯ ಹೊರಗೆ ಉದ್ದಕ್ಕೆ ಒಂದು ಟರ್ಫ್ ಪಟ್ಟಿ ಬಿಟ್ಟಿದ್ದಾರೆ. ನಮ್ಮ ಸಮಯಕ್ಕೆ ಅರ್ಧ ಗಂಟೆ ಮುಂಚೆ ಬಂದು ಅಲ್ಲಿ ಮೈ ಬಿಸಿ ಮಾಡಿಕೊಳ್ಳಬಹುದು. ನಾವು ಅಲ್ಲಿ ಫಿಫಾ 11+ ಅನ್ನುವ ವಾರ್ಮ್ ಅಪ್ ಮಾಡುತ್ತೇವೆ. 20 ನಿಮಿಷ, 15 ವ್ಯಾಯಾಮ. ನಿಧಾನ ಓಟ, ಆಮೇಲೆ ಒಂಟಿ ಕಾಲಲ್ಲಿ ನಿಲ್ಲುವುದು, ನೆಗೆದು ಮೆತ್ತಗೆ ಇಳಿಯುವುದು, ಮಂಡಿಯೂರಿ ಮುಂದಕ್ಕೆ ಬಾಗುವ ನಾರ್ಡಿಕ್, ಕೊನೆಗೆ ಜೋರು ಓಟ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ತಂಡಗಳಲ್ಲಿ ಇದನ್ನು ಮಾಡಿಸಿ ನೋಡಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು ಗಾಯ ಸುಮಾರು ಮೂರನೇ ಒಂದು ಭಾಗ ಕಮ್ಮಿ ಆಗಿತ್ತು. ಶೂಗೆ, ಮಂಡಿ ಪಟ್ಟಿಗೆ, ಬಣ್ಣದ ಟೇಪಿಗೆ ಸುರಿದ ದುಡ್ಡಿನಲ್ಲಿ ನನಗೆ ಇಷ್ಟು ಉಪಕಾರ ಯಾವುದೂ ಮಾಡಿಲ್ಲ. ನಮ್ಮ ಗುಂಪಿನಲ್ಲಿ ಮೊದಲು ಮೂವರು ಮಾಡುತ್ತಿದ್ದೆವು. ಈಗ ಹತ್ತು ಜನ. ನೆಗೆದು ಇಳಿಯುವಾಗ ಮಂಡಿ ಒಳಕ್ಕೆ ಬಾಗಿದರೆ ಪಕ್ಕದವಳು "ಮಂಡಿ!" ಅಂತ ಕೂಗಬೇಕು, ಅದು ನಮ್ಮ ನಿಯಮ. ಹೊರಗಿನವರಿಗೆ ನಾವು ಯಾವುದೋ ಪಂಥದವರ ಹಾಗೆ ಕಾಣುತ್ತೇವೇನೋ.

ಬಿಸಿಲಿನ ಬಗ್ಗೆ ಎಚ್ಚರಿಕೆ ಕೊಡಬೇಕು. ಮಧ್ಯಾಹ್ನದ ಬುಕಿಂಗ್ ಸುಲಭವಾಗಿ ಸಿಗುತ್ತದೆ. ಸುಲಭವಾಗಿ ಸಿಗಲು ಕಾರಣ ಇದೆ. ಪ್ಲಾಸ್ಟಿಕ್ ಎಳೆಗೂ ಕಪ್ಪು ರಬ್ಬರಿಗೂ ಹುಲ್ಲಿನ ಹಾಗೆ ಬೆವರಲು ಬರುವುದಿಲ್ಲ, ಬಿದ್ದ ಬಿಸಿಲನ್ನೆಲ್ಲ ಇಟ್ಟುಕೊಳ್ಳುತ್ತವೆ. 2015ರ ಮಹಿಳಾ ವಿಶ್ವಕಪ್ ಪೂರ್ತಿ ಟರ್ಫ್ ಮೇಲೆ ನಡೆಯಿತು. ಕೆನಡಾದ ಎಡ್ಮಂಟನ್‌ನಲ್ಲಿ ಮೊದಲ ಪಂದ್ಯದ ದಿನ ಹವೆ ಹಿತವಾಗಿತ್ತು, ನೆಲ ಮಾತ್ರ 49 ಡಿಗ್ರಿ ತೋರಿಸಿತ್ತು. ಆ ಟೂರ್ನಿಗೆ ಮುಂಚೆ ಅಬ್ಬಿ ವಾಂಬಾಕ್, ಮಾರ್ತಾ ಥರದ ದೊಡ್ಡ ಆಟಗಾರ್ತಿಯರು ಗಂಡಸರಿಗೆ ಹುಲ್ಲು, ನಮಗೆ ಮಾತ್ರ ಪ್ಲಾಸ್ಟಿಕ್ ಯಾಕೆ ಅಂತ ಮಾನವ ಹಕ್ಕು ನ್ಯಾಯಮಂಡಳಿಯ ಬಾಗಿಲನ್ನೇ ತಟ್ಟಿದ್ದರು. 2015ರ ಜನವರಿಯಲ್ಲಿ ದೂರು ವಾಪಸ್ ತೆಗೆದುಕೊಳ್ಳಬೇಕಾಯಿತು, ಆಡಿದ್ದು ಪ್ಲಾಸ್ಟಿಕ್ ಮೇಲೆಯೇ. ನೆದರ್ಲೆಂಡ್ಸ್‌ನ ಮೊದಲ ದರ್ಜೆಯ ಕ್ಲಬ್‌ಗಳು 2025-26ರಿಂದ ಪ್ಲಾಸ್ಟಿಕ್ ಬೇಡ ಅಂತ ತೀರ್ಮಾನ ಮಾಡಿವೆ. ದೊಡ್ಡವರಿಗೆ ಆಯ್ಕೆ ಇದೆ. ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಆಡುವ ನಮ್ಮಂಥವರಿಗೆ ಎಲ್ಲಿಯ ಹುಲ್ಲು? ದಿನಕ್ಕೆ ಹತ್ತು ಹನ್ನೆರಡು ಗಂಟೆ ತುಳಿದರೆ ನಿಜವಾದ ಹುಲ್ಲು ತಿಂಗಳಲ್ಲಿ ಮಣ್ಣಾಗುತ್ತದೆ. ಅದಕ್ಕೇ ನಾನು ಟರ್ಫ್ ಬೇಡ ಅನ್ನುವ ಗುಂಪಿಗೆ ಸೇರಿಲ್ಲ. ಚೆನ್ನಾಗಿ ನೋಡಿಕೊಂಡ ಟರ್ಫ್ ಬೇಕು ಅನ್ನುವ ಗುಂಪು ನನ್ನದು, ಸದ್ಯಕ್ಕೆ ಸದಸ್ಯೆ ನಾನೊಬ್ಬಳೇ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಲೈಟ್ ಚೆನ್ನಾಗಿದೆ, ನೆರಳು ಬೀಳುವುದಿಲ್ಲ. ಶೌಚಾಲಯ ಶುಚಿ. ಬಲೆ ಒಂದೆರಡು ಕಡೆ ಹರಿದಿದೆ. ಪ್ರಥಮ ಚಿಕಿತ್ಸೆ ಡಬ್ಬದಲ್ಲಿ ಐಸ್ ಪ್ಯಾಕ್ ಇದೆ, ನಿಜವಾಗಿಯೂ ತಣ್ಣಗಿದೆ, ಪರೀಕ್ಷಿಸಿದ್ದೇನೆ. ರಬ್ಬರ್ ಕಾಳು ಮನೆ ತುಂಬ ಆಗುತ್ತದೆ, ಶೂ ಹೊರಗೇ ಕೊಡವಿ. ಯುರೋಪಿಯನ್ ಒಕ್ಕೂಟದಲ್ಲಿ ಈ ಥರದ ಪ್ಲಾಸ್ಟಿಕ್ ಕಾಳಿನ ಮಾರಾಟ 2031ರ ಅಕ್ಟೋಬರ್‌ನಿಂದ ಬಂದ್, ಸೂಕ್ಷ್ಮ ಪ್ಲಾಸ್ಟಿಕ್ ಅನ್ನುವ ಕಾರಣಕ್ಕೆ. ಗೇಟಿನ ಹೊರಗೆ ಒಂದು ಗಟ್ಟಿ ಬ್ರಷ್ ಮ್ಯಾಟ್ ಹಾಕಿ ಅಂತ ಮಾಲೀಕರಿಗೆ ಹೇಳಿದ್ದೇನೆ. ಕಾಳು ಒಳಗೇ ಉಳಿದರೆ ಆ ಮೂಲೆಗೂ ಒಳ್ಳೆಯದು.

ಆಪರೇಷನ್ ಆಗಿ ವಾಪಸ್ ಬರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಮೈದಾನ ಎಷ್ಟೇ ಮೆತ್ತಗಿರಲಿ, ಒಂಬತ್ತು ತಿಂಗಳ ಮುಂಚೆ ಬರಬೇಡಿ. ಆರನೇ ತಿಂಗಳಿಗೆ ಮಂಡಿ ನೋಯುವುದಿಲ್ಲ, ನಡಿಗೆ ಸರಿಯಾಗಿರುತ್ತದೆ, ಮನಸ್ಸು ಕುಣಿಯುತ್ತದೆ. ಆದರೆ ಹರಿದದ್ದರ ಬದಲು ಒಳಗೆ ಕೂರಿಸಿದ ಪಟ್ಟಿ, ಅಂದರೆ ಗ್ರಾಫ್ಟ್, ಇನ್ನೂ ಲಿಗಮೆಂಟ್ ಆಗುತ್ತಲೇ ಇರುತ್ತದೆ. ಬೇಗ ಬಂದವರಿಗೆ ಮತ್ತೆ ಗಾಯ ಆಗುವುದು ಜಾಸ್ತಿ, ಒಂಬತ್ತು ತಿಂಗಳವರೆಗೆ ತಡ ಮಾಡಿದ ಒಂದೊಂದು ತಿಂಗಳೂ ಲಾಭವೇ. ನನ್ನ ಫಿಸಿಯೋ ಕ್ಯಾಲೆಂಡರ್ ನೋಡಲೇ ಇಲ್ಲ. ಒಂಟಿ ಕಾಲಲ್ಲಿ ಎಷ್ಟು ದೂರ ನೆಗೆಯುತ್ತೇನೆ ಅಂತ ಟೇಪ್ ಹಿಡಿದು ಅಳೆದರು. ಎಡಗಾಲು ಬಲಗಾಲಿನ ನೂರಕ್ಕೆ 90 ಮುಟ್ಟುವ ತನಕ ಬಿಡಲಿಲ್ಲ. ಎರಡು ಸಲ ಫೇಲ್ ಆದೆ, ಒಂದು ಸಲ ಅತ್ತೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹಾಸಿದ ಮೇಲಿನ ಪರೀಕ್ಷೆ ಇಲ್ಲದ್ದಕ್ಕೆ ಅರ್ಧ, ಮೂಲೆಗೆ ಒಂದು ಕಡಿತ. ಇಲ್ಲಿ ಎರಡು ಮೈದಾನ ಇವೆ, ಎರಡನೆಯದನ್ನೇ ಕೇಳಿ ಬುಕ್ ಮಾಡಿ, ಒಂದನೆಯದಕ್ಕಿಂತ ತಡವಾಗಿ ಹಾಸಿದ್ದು. ಬ್ರಷ್ ಗಾಡಿ ಓಡುವುದು ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ, ಅವತ್ತಿನ ಸಂಜೆ ನೆಲ ಚೆನ್ನಾಗಿರುತ್ತದೆ. ಗೇಟಿನ ಹುಡುಗ ಅಡಿ ತೋರಿಸಿ ಅಂದರೆ ಕೂಗಾಡಬೇಡಿ. ಎಡ ಮೂಲೆಯ ಕಾರ್ನರನ್ನು ಯಾರಾದರೂ ಬಲಗಾಲಿನವರಿಗೆ ಕೊಟ್ಟು, ನಿಂತಲ್ಲಿಂದಲೇ ಒದೆಯಲು ಹೇಳಿ. ಅಲ್ಲಿ ಓಡಿ ಬಂದು ತಿರುಗುವುದು ಸದ್ಯಕ್ಕೆ ಬೇಡ.